ಜೋಡಿಯಣ್ಣನ ನಾನೂರ ಹನ್ನೆರಡು ಆಹ್ವಾನಗಳು

ಪೇಟೆಯ ಹಿಂದಿನ ಬೀದಿಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿಗೂ ಬೀಗ ರಿಪೇರಿ ಅಂಗಡಿಗೂ ನಡುವೆ, ಒಂದು ಗುಂಡಿ ಅಂಗಡಿ ಇದೆ. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು, ಅಷ್ಟೇ ಅಗಲ. ಅಂಗಿಯ ಗುಂಡಿ, ಕೋಟಿನ ಗುಂಡಿ, ಮಕ್ಕಳ ಸ್ವೆಟರಿನ ಗುಂಡಿ, ದಿಂಬಿನ ಗವಸಿನ ಗುಂಡಿ, ಸರಕು ಇಷ್ಟೇ. ದಾರ ಬೇಕೆಂದು ಬಂದವರಿಗೆ ಎದುರುಗಡೆಯ ಅಂಗಡಿ ತೋರಿಸುತ್ತಾರೆ. ಇಷ್ಟು ಸಣ್ಣ ಸಾಮಾನು ನಂಬಿಕೊಂಡು ಒಂದು ಸಂಸಾರ ಬದುಕುವುದುಂಟೇ ಎಂದು ಅನುಮಾನ ಬಂದವರು ತಮ್ಮ ಮೈಮೇಲೆ ಎಷ್ಟು ಗುಂಡಿಗಳಿವೆ ನೋಡಿಕೊಳ್ಳಬಹುದು.

ಅಂಗಡಿಯವನಿಗೆ ಐವತ್ತಾರು ವರ್ಷ. ಪೇಟೆಯವರು ಅವನನ್ನು ಜೋಡಿಯಣ್ಣ ಎನ್ನುತ್ತಾರೆ. ಮದುವೆಯಾಗದವನಿಗೆ ಆ ಹೆಸರು ಬಿದ್ದದ್ದು ಪೇಟೆಯ ಕುಹಕವೆಂದು ಹೊಸಬರು ತಿಳಿಯುತ್ತಾರೆ. ಅರ್ಧ ಅದೂ ನಿಜವೇ. ಉಳಿದರ್ಧ ಅವನ ಕಸುಬಿನಿಂದ ಬಂದದ್ದು. ಕೋಟಿನ ನಾಲ್ಕು ಗುಂಡಿಯಲ್ಲಿ ಒಂದು ಕಳೆದುಹೋದರೆ ಜನ ಉಳಿದ ಒಂದನ್ನು ಕಿತ್ತು ತಂದು ಇದರ ಜೋಡಿ ಕೊಡಿ ಎನ್ನುತ್ತಾರೆ. ಇದ್ದರೆ ಕೊಡುತ್ತಾನೆ. ಇಲ್ಲದಿದ್ದರೆ ಆ ಗುಂಡಿಯನ್ನು ಅಂಗೈಯಗಲದ ರಟ್ಟಿನ ಚೀಟಿಗೆ ಹೊಲಿದು, ಅದರ ಮೇಲೆ ಗಿರಾಕಿಯ ಕೈಯಲ್ಲೇ ಹೆಸರು, ವಿಳಾಸ ಬರೆಸಿಕೊಂಡು, ಮರದ ಡ್ರಾಯರಿನಲ್ಲಿ ಇಡುತ್ತಾನೆ. ಇದಕ್ಕೆ ಒಂಟಿಚೀಟಿ ಎಂದು ಹೆಸರು. ಮುಚ್ಚಿಹೋದ ಅಂಗಡಿಗಳ ಹಳೇ ಸರಕಿನಲ್ಲೋ ಗುಜರಿಗೆ ಬಿದ್ದ ಕೋಟುಗಳಲ್ಲೋ ಜೋಡಿ ಸಿಕ್ಕರೆ ತಿಳಿಸುತ್ತಾನೆ. ಕೆಲವಕ್ಕೆ ವಾರದಲ್ಲಿ ಸಿಗುತ್ತದೆ. ಕೆಲವು ಹದಿನೈದು ವರ್ಷದಿಂದ ಡ್ರಾಯರಿನಲ್ಲೇ ಇವೆ.

ಗುಂಡಿ ಹುಡುಕುವವನು ತಮ್ಮನಾದರೆ, ಅಂಗಡಿ ನಡೆಸುತ್ತಿದ್ದವಳು ಅವನಿಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ. ಮೂವತ್ತು ವರ್ಷ ಇಬ್ಬರೂ ಒಂದೇ ಗಲ್ಲಾದ ಹಿಂದೆ ಕೂತರು, ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಮಾತೆಲ್ಲ ಅಕ್ಕನದು. ಅವಳ ಬಾಯಿ ಎಂಥದೆಂದರೆ, ಒಂದು ಗುಂಡಿಗೆ ಬಂದವರು ಮಗಳ ಗಂಡನ ಗುಣ, ಮೊಣಕಾಲಿನ ನೋವು, ಬಾಡಿಗೆಮನೆಯ ಯಜಮಾನನ ತಕರಾರು ಎಲ್ಲವನ್ನೂ ಹರವಿ, ಹೋಗುವಾಗ ಆರು ಗುಂಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಇ-ಮೇಲ್ ಇಲ್ಲದ ಮುದುಕ ಮುದುಕಿಯರ ಚೀಟಿಯಲ್ಲಿ ಅಕ್ಕ ತನ್ನ ಇ-ಮೇಲ್ ವಿಳಾಸವನ್ನೇ ಬರೆಯುತ್ತಿದ್ದಳು. ಗುಂಡಿ ಸಿಕ್ಕಿತೆಂದರೆ ತಮ್ಮ ರೂಢಿಯಂತೆ ಆ ವಿಳಾಸಕ್ಕೆ ಮೇಲ್ ಹಾಕುವನು. ಪಕ್ಕದಲ್ಲೇ ಕೂತ ಅಕ್ಕ ಅದನ್ನು ಓದಿ, ಚಪ್ಪಲಿ ಮೆಟ್ಟಿಕೊಂಡು, ಆ ಮನೆಗೆ ನಡೆದುಹೋಗಿ ತಿಳಿಸಿ ಬರುವಳು. ಹೋದವಳು ಒಂದು ಗಂಟೆಗೆ ಮುಂಚೆ ಬಂದದ್ದಿಲ್ಲ.

ಆ ಅಕ್ಕ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆಯಾದಳು.

ಹುಡುಗ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಹಳೇ ಕೋಟಿನ ಹಿತ್ತಾಳೆ ಗುಂಡಿಯ ಜೋಡಿಗೆಂದು ಹನ್ನೊಂದು ತಿಂಗಳು ಅಂಗಡಿಗೆ ಅಲೆದ. ಪ್ರತಿ ಸಲವೂ ಅಕ್ಕ, "ಸಿಕ್ಕಿಲ್ಲ ನೋಡಿ, ಮುಂದಿನ ವಾರ ಬನ್ನಿ" ಎಂದಳು. ಗುಂಡಿ ಎರಡನೇ ತಿಂಗಳಲ್ಲೇ ಅಕ್ಕನ ಕೈಗೆ ಸಿಕ್ಕಿತ್ತು ಎಂಬುದು ತಮ್ಮನಿಗೆ ತಿಳಿದದ್ದು ರಿಜಿಸ್ಟರ್ ಆಫೀಸಿನಲ್ಲಿ ಸಾಕ್ಷಿ ಸಹಿ ಹಾಕುವಾಗ. ಮದುಮಗನ ಕೋಟಿನಲ್ಲಿ ನಾಲ್ಕೂ ಗುಂಡಿ ಹೊಳೆಯುತ್ತಿದ್ದವು. ಮದುವೆಯಾಗಿ ಅಕ್ಕ ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿಗೆ ಹೋದಳು.

ಅವಳು ಹೋದ ಮೇಲೆ ಗಿರಾಕಿಗಳು ಬರುವುದೇನೂ ನಿಲ್ಲಲಿಲ್ಲ. ಬರುತ್ತಿದ್ದರು, ಒಳಗೆ ಇಣುಕುತ್ತಿದ್ದರು, ಗುಂಡಿ ತೋರಿಸುತ್ತಿದ್ದರು, ತೆಗೆದುಕೊಂಡು ಹೋಗುತ್ತಿದ್ದರು. ಅರ್ಧ ಗಂಟೆಯ ವ್ಯಾಪಾರ ಎರಡು ನಿಮಿಷಕ್ಕೆ ಇಳಿಯಿತು. ಜೋಡಿಯಣ್ಣ ಮಾತಾಡಲು ನೋಡಿದ. "ಹೇಗಿದೀರಿ?" ಎಂದು ಕೇಳಿ, ಅವರು "ಚೆನ್ನಾಗಿದೀನಿ" ಎಂದರೆ ಮುಂದೇನು ಎಂದು ತೋಚದೆ ಗುಂಡಿಯನ್ನೇ ನೋಡುತ್ತಾ ನಿಂತುಬಿಡುತ್ತಿದ್ದ. ಮಂಗಳವಾರ ಬಾಯಿಬಿಟ್ಟರೆ ಮತ್ತೆ ಗುರುವಾರ ಎಂಬಂತಾಯಿತು. ಅಕ್ಕ ವಾರಕ್ಕೊಂದು ಮೇಲ್ ಬರೆಯುತ್ತಿದ್ದಳು. ಅವನೂ ಉತ್ತರ ಬರೆಯುತ್ತಿದ್ದ. ದಾರದ ಅಂಗಡಿಯವನು ನಿನ್ನನ್ನು ಕೇಳಿದ, ಛಾವಣಿ ಸೋರುವುದು ನಿಂತಿದೆ, ಎಲ್ಲಾ ಸರಿ. ಫೋನು ಮಾಡುವ ಅಭ್ಯಾಸ ಆ ಮನೆಯಲ್ಲಿ ಇರಲೇ ಇಲ್ಲ. ಫೋನೆಂದರೆ ಸರಕು ತಲುಪಿಲ್ಲವೆಂದು ಜಗಳವಾಡುವ ಸಾಧನ ಎಂದೇ ಇಬ್ಬರೂ ಬೆಳೆದವರು.

ಮೇಲಿಂಗ್ ಲಿಸ್ಟಿನ ಹುಚ್ಚು ಹತ್ತಿಸಿದವನು ಪಕ್ಕದ ಪ್ರೆಸ್ಸಿನವನು. ಅವನು ತನ್ನ ಚೆಸ್ ಗೆಳೆಯರಿಗೆಂದು ಅಂಥದೊಂದು ಇಟ್ಟುಕೊಂಡಿದ್ದ. ಒಬ್ಬ ಬರೆದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಹೋಗುತ್ತದೆ, ಯಾರು ಬೇಕಾದರೂ ಉತ್ತರ ಕೊಡಬಹುದು. ಜೋಡಿಯಣ್ಣನಿಗೆ ಇದು ಅಕ್ಕನಿದ್ದಾಗಿನ ಅಂಗಡಿಯ ಹಾಗೇ ಕಂಡಿತು. ಬಾಯಿ ತೆರೆಯಬೇಕಾಗಿಲ್ಲ ಎಂಬುದು ಇನ್ನೂ ಅನುಕೂಲ. ಅಂಥ ಪಟ್ಟಿ ನಡೆಸಿಕೊಡುವ ಕಂಪನಿಯೊಂದರಲ್ಲಿ ತನ್ನದೂ ಒಂದು ತೆರೆದ. ಹೆಸರು: 'ಒಂಟಿಗುಂಡಿಯವರು'.

ಯಾರನ್ನು ಕರೆಯುವುದು ಎಂಬ ಪ್ರಶ್ನೆಯೇ ಅವನಿಗೆ ಬರಲಿಲ್ಲ. ಡ್ರಾಯರಿನಲ್ಲಿ ಇ-ಮೇಲ್ ಇರುವ ಚೀಟಿಗಳು ನಾನೂರ ಹನ್ನೆರಡು. ಬಹುಪಾಲು ಅವರವರೇ ಕೊಟ್ಟ ವಿಳಾಸ. ಒಂದೊಂದೇ ಚೀಟಿ ಎದುರಿಗಿಟ್ಟುಕೊಂಡು, ಎರಡು ಬೆರಳಲ್ಲಿ ಕುಟ್ಟುತ್ತಾ, ಹದಿನೇಳು ದಿನ ಆಹ್ವಾನ ಕಳಿಸಿದ. ಎಲ್ಲರಿಗೂ ಒಂದೇ ಒಕ್ಕಣೆ ಬರೆದು ಕೈತೊಳೆದುಕೊಳ್ಳುವ ಪೈಕಿ ಅವನಲ್ಲ. 'ಮಾನ್ಯರೇ, ನಿಮ್ಮ ಆಮೆಚಿಪ್ಪಿನ ಬಣ್ಣದ ನಾಲ್ಕು ತೂತಿನ ಗುಂಡಿ ಈಗಲೂ ನನ್ನ ಹತ್ತಿರ ಕ್ಷೇಮವಾಗಿದೆ. ಜೋಡಿ ಸಿಕ್ಕಿಲ್ಲ. ನಿಮ್ಮಂತೆಯೇ ಕಾಯುತ್ತಿರುವವರ ಒಂದು ಬಳಗ ಮಾಡಿದ್ದೇನೆ. ಬರುವುದಾದರೆ ಕೆಳಗಿನ ಲಿಂಕ್ ಒತ್ತಿ.' ಇವುಗಳಲ್ಲಿ ನಲವತ್ತಾರು ಚೀಟಿಗಳ ಮೇಲೆ ಇದ್ದದ್ದು ಅಕ್ಕನ ವಿಳಾಸ. ಆ ನಲವತ್ತಾರನ್ನೂ ಅಕ್ಕನಿಗೇ ಕಳಿಸಿದ. ಇಷ್ಟು ವರ್ಷ ತಲುಪಿಸಿದವಳು ಈಗಲೂ ಹೇಗೋ ತಲುಪಿಸುತ್ತಾಳೆ ಎಂದುಕೊಂಡ. ಎರಡು ಗಂಟೆಯ ಬಸ್ಸಿನ ದಾರಿ ಅವನ ಲೆಕ್ಕಕ್ಕೇ ಬರಲಿಲ್ಲ.

ಮೂವತ್ತೊಂದು ಜನ ಬಂದರು. ಹಡಗಿನಲ್ಲಿ ಅಡುಗೆ ಮಾಡುವವನೊಬ್ಬ, ನಿವೃತ್ತ ನರ್ಸೊಬ್ಬಳು, ಲಾರಿ ಓಡಿಸುವವರು, ಮಗ್ಗಿ ಹೇಳಿಕೊಡುವವರು, ಏನೂ ಮಾಡದವರು. ಜೋಡಿಯಣ್ಣ ಪ್ರತಿ ಸೋಮವಾರ ಬೆಳಿಗ್ಗೆ ಅವರಿಗೊಂದು ಕಾಗದ ಬರೆಯತೊಡಗಿದ. ಮಾತಿನಲ್ಲಿ ಎರಡು ವಾಕ್ಯಕ್ಕೆ ತಡವರಿಸುತ್ತಿದ್ದವನಿಗೆ ಬರೆಯಲು ಕೂತರೆ ಎರಡು ಪುಟ. ಉತ್ತರಗಳು ಬರುತ್ತಿದ್ದವು. ನರ್ಸು ನಗುತ್ತಿದ್ದಳು, ಅಡುಗೆಯವನು ಯಾವುದೋ ಬಂದರಿನಿಂದ 'ಮುಂದೇನಾಯ್ತು?' ಎಂದು ಕೇಳುತ್ತಿದ್ದ. ಸೋಮವಾರದ ಕಾಗದಕ್ಕೆ ಬುಧವಾರದವರೆಗೂ ಮಾತು ನಡೆಯುತ್ತಿತ್ತು. ಅಷ್ಟರಮಟ್ಟಿಗೆ ವಾರ ಚಿಕ್ಕದಾಯಿತು.

ಮೂರು ತಿಂಗಳಾದ ಮೇಲೆ ಅವನಿಗೆ ಉಳಿದ ಮುನ್ನೂರ ಎಂಬತ್ತೊಂದು ಚೀಟಿಗಳ ಚಿಂತೆ ಹತ್ತಿತು. ಪಾಪ, ಕಾಗದ ನೋಡಿರಲಿಕ್ಕಿಲ್ಲ.

"ನೋಡಿಯೇ ಸುಮ್ಮನಿದಾರೆ ಕಣಯ್ಯಾ," ಎಂದ ಪ್ರೆಸ್ಸಿನವನು. "ಇನ್ನೊಂದು ಸಲ ಕಳಿಸಬೇಡ. ಸ್ಪ್ಯಾಮ್ ಅಂತ ಒತ್ತಿಬಿಡ್ತಾರೆ."

"ಸ್ಪ್ಯಾಮಾ? ನಾನೇನು ಏನಾದ್ರೂ ಮಾರ್ತಿದೀನಾ? ಬನ್ನಿ ಅಂತಿದೀನಿ. ಬೇಡ ಅಂದ್ರೆ ಬೇಡ."

"ಬೇಡ ಅನ್ನೋದನ್ನೇ ಅವರು ಸುಮ್ಮನಿದ್ದು ಹೇಳ್ತಿರೋದು."

"ಸುಮ್ಮನಿರೋರೆಲ್ಲ ಬೇಡ ಅಂತಿದಾರೆ ಅಂತ ನಿನಗೆ ಹೇಗೆ ಗೊತ್ತು?"

"ನಿನಗೆ ಸ್ಪ್ಯಾಮ್ ಬಂದ್ರೆ ಏನು ಮಾಡ್ತೀಯ?"

"ಓದ್ತೀನಿ," ಎಂದ ಜೋಡಿಯಣ್ಣ.

ಪ್ರೆಸ್ಸಿನವನು ಗಹಗಹಿಸಿದ. ಜೋಡಿಯಣ್ಣ ತಮಾಷೆಗೆ ಹೇಳಿರಲಿಲ್ಲ. ಅವನ ಇನ್‌ಬಾಕ್ಸಿಗೆ ಬಂದ ಯಾವ ಆಹ್ವಾನವನ್ನೂ ಅವನು ತಳ್ಳಿದವನಲ್ಲ. ಕೂದಲು ಬೆಳೆಸುವ ಎಣ್ಣೆಯವರ ಕಾಗದವನ್ನು ಆ ಬೋಳುತಲೆಯವನು ಕೊನೇ ಸಾಲಿನವರೆಗೂ ಓದುತ್ತಿದ್ದ. ದೋಣಿ ಮಾರುವವರು 'ಪ್ರಿಯ ಮಿತ್ರರೇ' ಎಂದು ಶುರುಮಾಡಿದರೆ ಅದೂ ಅವನಿಗೆ ಒಂದು ಕಾಗದವೇ. ತನ್ನನ್ನು ಯಾರಾದರೂ ಕರೆದರೆ ತಾನು ಹೋಗುತ್ತೇನೆ. ಆದ್ದರಿಂದ ತಾನು ಕರೆದರೆ ಯಾರಿಗೂ ಬೇಸರವಾಗದು. ಅವನ ತಿಳಿವಳಿಕೆ ಇಷ್ಟು.

ಎರಡನೇ ಸುತ್ತು ಕಳಿಸಿದ. ಅಕ್ಕನಿಗೆ ಮತ್ತೆ ನಲವತ್ತಾರು.

ಆಮೇಲೆ ಅಕ್ಕನಿಂದ ಎರಡು ಮೇಲ್ ಬಂದವು. ಎರಡನೆಯದರಲ್ಲಿ ಇದ್ದದ್ದು ಒಂದೇ ಸಾಲು: 'ಬಿಡುವಾದಾಗ ಬರಿ.' ಬಿಡುವೇ ಬಿಡುವು, ಎಲ್ಲಾ ಸರಿ ಎಂದು ಅವನು ಅಂದೇ ಬರೆದ. ಅಲ್ಲಿಂದ ಮುಂದೆ ಅಕ್ಕನ ಕಡೆಯಿಂದ ಸದ್ದಿಲ್ಲ. ಆರು ವಾರವಾಯಿತು. ಹೊಸ ಸಂಸಾರ, ಪುರಸೊತ್ತಿಲ್ಲವೇನೋ ಎಂದುಕೊಂಡು ಅವನು ವಾರಕ್ಕೊಂದು ಬರೆಯುತ್ತಲೇ ಇದ್ದ. ಸೋಮವಾರದ ಕಾಗದ ಮಾತ್ರ ಇನ್ನಷ್ಟು ಉದ್ದವಾಯಿತು.

ಹೀಗಿರುವಾಗ ಲಿಸ್ಟಿನ ಕಂಪನಿಯಿಂದ ನೋಟೀಸು. ನಿಮ್ಮ ಪಟ್ಟಿಯ ಮೇಲೆ ಐವತ್ತನಾಲ್ಕು ಸ್ಪ್ಯಾಮ್ ದೂರುಗಳಿವೆ. ಪಟ್ಟಿಯನ್ನು ನಿಲ್ಲಿಸಲಾಗಿದೆ. ಶುಕ್ರವಾರದೊಳಗೆ ಸಮಾಧಾನಕರ ವಿವರಣೆ ಬರದಿದ್ದರೆ ಪಟ್ಟಿಯನ್ನೂ ಅದರಲ್ಲಿನ ಎಲ್ಲ ಕಾಗದಗಳನ್ನೂ ಅಳಿಸಲಾಗುವುದು. ಕೆಳಗೆ ದೂರು ವಿಭಾಗದ ನಂಬರು.

ಆ ದಿನ ಸೋಮವಾರ. ಬರೆದಿಟ್ಟ ಕಾಗದ ಹೋಗಲಿಲ್ಲ. ಜೋಡಿಯಣ್ಣ ನಂಬರು ಒತ್ತಿದ. ಹೆಂಗಸಿನ ದನಿ, ಮೃದುವಾಗಿಯೇ ಇತ್ತು.

"ಸರ್, ಈ ಜನಕ್ಕೆಲ್ಲ ಮೇಲ್ ಕಳಿಸೋದಕ್ಕೆ ಅವರ ಒಪ್ಪಿಗೆ ಇತ್ತಾ?"

"ಒಪ್ಪಿಗೆ ಕೇಳೋದಕ್ಕೇ ಅಲ್ವೇನಮ್ಮ ಮೇಲ್ ಕಳಿಸಿದ್ದು? ಕೇಳೋದಕ್ಕೆ ಮುಂಚೆ ಕೇಳಬೇಕಾ?"

"ಹೌದು ಸರ್."

"ಆ ಮುಂಚಿನದನ್ನ ಹೇಗೆ ಕೇಳೋದು?"

"ನೀವು ಕೇಳಬಾರದು ಸರ್. ಅವರಾಗಿ ಕೇಳಬೇಕು."

"ಇಂಥದೊಂದು ಇದೆ ಅಂತಲೇ ಗೊತ್ತಿಲ್ಲದೋರು ಹೇಗಮ್ಮ ಕೇಳ್ತಾರೆ?"

ಆ ಕಡೆ ಕೀಬೋರ್ಡಿನ ಸದ್ದು. "ಅಂಗಡಿ ಬಾಗಿಲಿಗೆ ಬೋರ್ಡ್ ಹಾಕಿ ಸರ್. ಬಂದೋರು ಓದಿ, ಬೇಕು ಅಂದ್ರೆ ಸೇರ್ತಾರೆ. ಕೇಳದೇ ಇರೋರಿಗೆ, ಗುಂಪಿಗೆ ಗುಂಪೇ ಕಳಿಸಿದ್ರೆ ಅದು ಆಹ್ವಾನ ಆದರೂ ಸ್ಪ್ಯಾಮೇ. ನಮ್ಮ ನಿಯಮ ಅದು."

"ಗುಂಪಿಗೆಲ್ಲಿ ಕಳಿಸಿದೆ? ಒಬ್ಬೊಬ್ಬರಿಗೆ ಒಂದೊಂದು ಬರೆದಿದೀನಿ. ಒಂದೊಂದರಲ್ಲೂ ಬೇರೆ ಬೇರೆ ಗುಂಡಿ ಇದೆ ನೋಡಿ ಬೇಕಾದ್ರೆ. ವಿಳಾಸ ಅವರೇ ಕೈಯಾರೆ ಬರೆದುಕೊಟ್ಟಿದ್ದು."

"ನೋಡಿದೆ ಸರ್. ಆಮೆಚಿಪ್ಪಿನ ಬಣ್ಣ, ಕ್ಷೇಮವಾಗಿದೆ ಅಂತ. ಚೆನ್ನಾಗಿ ಬರೀತೀರಿ." ಅವಳು ನಕ್ಕಳೇನೋ. "ಯಾವುದಕ್ಕೆ ಬರೆದುಕೊಟ್ಟರು ಸರ್ ವಿಳಾಸ?"

"ಗುಂಡಿ ಸಿಕ್ಕಿದ್ರೆ ತಿಳಿಸೋದಕ್ಕೆ."

"ಸಿಕ್ತಾ?"

ಜೋಡಿಯಣ್ಣ ಡ್ರಾಯರಿನ ಕಡೆ ನೋಡಿದ. "ಇಲ್ಲ."

"ಅದೇ ಸರ್," ಎಂದಳು ಆಕೆ. ಆಮೇಲೆ ದನಿ ತಗ್ಗಿಸಿದಳು. "ಇನ್ನೊಂದು ಮಾತು. ಐವತ್ತನಾಲ್ಕರಲ್ಲಿ ನಲವತ್ತಾರು ಒಂದೇ ವಿಳಾಸದಿಂದ ಬಂದಿವೆ. ಯಾರು ಅಂತ ನಾನು ಹೇಳೋ ಹಾಗಿಲ್ಲ. ಅವರು ದೂರು ವಾಪಸ್ ತಗೊಂಡು ಎರಡು ಸಾಲು ಬರೆದ್ರೆ ಉಳಿಯೋದು ಎಂಟು. ಹತ್ತರವರೆಗೆ ನಾವು ಬರೀ ಎಚ್ಚರಿಕೆ ಕೊಟ್ಟು ಬಿಡ್ತೀವಿ. ಇರೋ ಮೂವತ್ತೊಂದು ಜನದ ಜೊತೆ ನೀವು ಪಟ್ಟಿ ನಡೆಸಿಕೊಂಡು ಹೋಗಬಹುದು. ಹೊಸದಾಗಿ ಕರೆಯೋ ಹಾಗಿಲ್ಲ."

ಯಾರು ಎಂದು ಅವಳು ಹೇಳಬೇಕಾಗಿರಲಿಲ್ಲ. ಜೋಡಿಯಣ್ಣ ಫೋನು ಇಟ್ಟ. ಒಬ್ಬಳು ಬಂದು ಬಿಳಿ ಗುಂಡಿ ಕೇಳಿದಳು, ಅವನು ಕಪ್ಪು ಕಟ್ಟಿಕೊಟ್ಟ. ಅವಳೇ ವಾಪಸ್ ಬಂದು ಬದಲಾಯಿಸಿಕೊಂಡು ಹೋದಳು.

ಬುಧವಾರ ಅಂಗಡಿ ಮುಚ್ಚಿ ಬಸ್ಸು ಹತ್ತಿದ. ಕಂಕುಳಲ್ಲಿ ಒಂದು ಫೈಲು. ಲಿಸ್ಟಿನಲ್ಲಿ ತಾನು ಬರೆದ ಕಾಗದಗಳೆಲ್ಲ ಅವನ ಕಂಪ್ಯೂಟರಿನಲ್ಲಿ ಇದ್ದವು. ಪ್ರೆಸ್ಸಿನವನ ಹತ್ತಿರ ಪ್ರಿಂಟ್ ತೆಗೆಸಿದ್ದ. ನೋಡು ಅಕ್ಕ, ಇದರಲ್ಲಿ ಒಬ್ಬರಿಗೂ ತೊಂದರೆ ಕೊಡುವಂಥದ್ದು ಏನಿದೆ ಎಂದು ತೋರಿಸಿ ಸಹಿ ಮಾಡಿಸಿಕೊಳ್ಳುವುದು ಅವನ ಉಪಾಯ. ದಾರಿಯುದ್ದಕ್ಕೂ ಎರಡು ಸಾಲು ಒಕ್ಕಣೆಯನ್ನು ಮನಸ್ಸಿನಲ್ಲೇ ತಿದ್ದಿದ. ಅಕ್ಕ ಯಾಕೆ ದೂರು ಕೊಟ್ಟಳು ಎಂಬುದರ ಹತ್ತಿರ ಹೋಗಿ ಹೋಗಿ ಹಿಂದೆ ಬಂದ.

ಬಾಗಿಲು ತೆರೆದವನು ಭಾವ. ಮನೆಯಲ್ಲೂ ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯವರೆಗೂ ಗುಂಡಿ.

"ಓಹೋ! ಬನ್ನಿ ಬನ್ನಿ, ಈಗ ನೆನಪಾಯ್ತಾ ದಾರಿ? ಲೇ, ಯಾರು ಬಂದಿದಾರೆ ನೋಡೇ, ನಿನ್ನ ತಮ್ಮ!"

ಅಕ್ಕ ಒಳಗಿಂದ ಬಂದಳು, ಕೈ ಒರೆಸಿಕೊಳ್ಳುತ್ತಾ. ಸ್ವಲ್ಪ ದಪ್ಪಗಾಗಿದ್ದಳು. "ಬದುಕಿದೀಯೇನೋ?" ಎಂದಳು. "ಎರಡು ಕಾಗದಕ್ಕೆ ಉತ್ತರ ಇಲ್ಲ. ಕೋಪ ಬಂದಿರಬೇಕು, ಬರಲಿ, ಅವನೇ ಬರೀಲಿ ಅಂತ ನಾನೂ ಸುಮ್ಮನಾದೆ."

"ಬರೆದಿದೀನಲ್ಲ. ವಾರ ವಾರ ಬರೆದಿದೀನಿ. ನೀನು ನೋಡಿದ್ರೆ ನನ್ನ ಮೇಲೆ ನಲವತ್ತಾರು ದೂರು ಕೊಟ್ಟು ಕೂತಿದೀಯ."

"ಯಾವ ದೂರೋ?"

ಭಾವ ಗಂಟಲು ಸರಿಮಾಡಿಕೊಂಡ. "ಅದು ನಾನು. ಇವಳ ಫೋನು ತೆಗೆದರೆ ಒಂದೇ ಸಮ, ಮಾನ್ಯರೇ ಮಾನ್ಯರೇ ಮಾನ್ಯರೇ. ಒಂದರಲ್ಲೂ ಇವಳ ಹೆಸರಿಲ್ಲ. ಮೊದಲನೇ ಸಲ ಬಿಟ್ಟೆ. ಎರಡನೇ ಸಲವೂ ನಲವತ್ತಾರು ಜನ ಟಿಕೆಟ್ ಇಲ್ಲದೆ ಹತ್ತಿಕೊಂಡರು. ಮೂವತ್ತೈದು ವರ್ಷ ಅದೇ ಕೆಲಸ ಮಾಡಿದೋನು ನಾನು. ಎಲ್ಲರನ್ನೂ ಇಳಿಸಿದೆ."

"ನನ್ನ ಕೇಳಬೇಡವೇನ್ರೀ?" ಎಂದಳು ಅಕ್ಕ.

"ಟಿಕೆಟ್ ಇಲ್ಲದೋರನ್ನ ಇಳಿಸೋದಕ್ಕೆ ಯಾರನ್ನ ಕೇಳೋದು?"

ಇಳಿಸಿದ್ದು ಬರೀ ನಲವತ್ತಾರು ಆಹ್ವಾನಗಳನ್ನಲ್ಲ ಎಂಬುದು ಆಮೇಲೆ ತಿಳಿಯಿತು. ಕಳಿಸಿದವರ ಜಾಗದಲ್ಲಿ ಅಂಗಡಿಯ ವಿಳಾಸವಿತ್ತು. ಅದನ್ನು ಒಂದು ಸಲ ಸ್ಪ್ಯಾಮ್ ಎಂದು ಒತ್ತಿದ ಮೇಲೆ ಅಂಗಡಿಯಿಂದ ಬಂದದ್ದೆಲ್ಲ ತಾನಾಗಿಯೇ ಸ್ಪ್ಯಾಮಿನ ಬುಟ್ಟಿಗೆ ಬೀಳುತ್ತಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಬುಟ್ಟಿ ತೆರೆದಳು. ಮಂಡಿನೋವಿನ ಮುಲಾಮಿನವರ ಮಧ್ಯೆ ತಮ್ಮನ ಕಾಗದಗಳು ಇದ್ದವು. ಗಟ್ಟಿಯಾಗಿ ಓದತೊಡಗಿದಳು.

"'ಛಾವಣಿ ಸೋರುತ್ತಿಲ್ಲ. ಎಲ್ಲಾ ಸರಿ.' ಆಮೇಲೆ... 'ಬೀಗದವನ ಮಗಳು ಪಾಸಾದಳು. ಇಲ್ಲಿ ಎಲ್ಲಾ ಸರಿ.' ಇದು... 'ಪ್ಲಾಸ್ಟಿಕ್ ಗುಂಡಿಯ ಸರಕು ಬಂತು. ಎಲ್ಲಾ ಸರಿ.'" ಕನ್ನಡಕದ ಮೇಲಿಂದ ನೋಡಿದಳು. "ಇದನ್ನ ಸ್ಪ್ಯಾಮ್ ಅಂತ ಹಾಕಿದ್ರೆ ತಪ್ಪೇನಿಲ್ಲ ಬಿಡೋ."

ಭಾವ ಜೋರಾಗಿ ನಕ್ಕ. ಜೋಡಿಯಣ್ಣನೂ ನಕ್ಕ. ಭಾವ ಟೀಗೆ ಇಡಲು ಒಳಗೆ ಹೋದ. ಆ ಸಲಿಗೆಯಲ್ಲಿ ಜೋಡಿಯಣ್ಣ ನೋಟೀಸಿನ ವಿಷಯ ಹೇಳಿದ. ಶುಕ್ರವಾರದ ಗಡುವು, ಎರಡು ಸಾಲಿನ ಪತ್ರ, ಇಲ್ಲದಿದ್ದರೆ ಲಿಸ್ಟು ಹೋಗುತ್ತದೆ.

"ಹೋದ್ರೆ ಹೋಗಲಿ ಬಿಡು. ಯಾರೋ ಏನೋ."

"ಹಾಗನ್ನಬೇಡ ಅಕ್ಕ," ಎಂದ. ಅವನ ದನಿ ಕೇಳಿ ಅಕ್ಕ ತಲೆ ಎತ್ತಿದಳು. "ನನಗೆ ಇರೋದು ಅದೊಂದೇ."

ಅಕ್ಕ ಕೈ ಚಾಚಿದಳು. ಅವನು ಫೈಲು ಕೊಟ್ಟ.

ಅವಳು ಮೊದಲ ಹಾಳೆಗೇ ನಕ್ಕಳು. ಹಿತ್ತಾಳೆ ಗುಂಡಿಯ ಹನ್ನೊಂದು ತಿಂಗಳ ಕಥೆ ಅದು. "ಅಯ್ಯೋ ಪಾಪಿ, ಇದನ್ನೆಲ್ಲ ಬರೆದಿದೀಯಾ!" ಎರಡನೆಯದಕ್ಕೂ ನಕ್ಕಳು. ಅವಳು ಗುಂಡಿ ತಿಳಿಸಲು ಹೋದ ಮನೆಯಲ್ಲಿ ಗಂಡಹೆಂಡಿರ ಜಗಳ ಬಿಡಿಸಿ, ಗುಂಡಿಯ ವಿಷಯ ಮರೆತು ಬಂದದ್ದು. ಮೂರನೆಯ ಹಾಳೆಯಲ್ಲಿ ನಗು ನಿಧಾನವಾಯಿತು. ಜೋಡಿಯಣ್ಣನಿಗೆ ಆಗ ನೆನಪಾಯಿತು, ಫೈಲಿನಲ್ಲಿ ಏನೇನಿದೆ ಎಂದು. ವಾಪಸ್ ಕೇಳುವ ಹಾಗಿರಲಿಲ್ಲ. ಅಕ್ಕ ಓದುತ್ತಿದ್ದಳು.

'ಅಕ್ಕ ಹೋದ ಮೇಲೆ ಅಂಗಡಿಯ ಗಡಿಯಾರದ ಸದ್ದು ಕೇಳಿಸತೊಡಗಿದೆ. ಮೊದಲು ಅದಕ್ಕೆ ಸದ್ದಿದೆ ಎಂದೇ ನನಗೆ ಗೊತ್ತಿರಲಿಲ್ಲ.'

'ಇವತ್ತು ಮೂವರು ಬಂದು ಅಮ್ಮಾವ್ರು ಇಲ್ವಾ ಎಂದು ಕೇಳಿದರು. ಇಲ್ಲ ಎಂದೆ. ನಾನಿದ್ದೇನಲ್ಲ ಎನ್ನಬಹುದಿತ್ತು. ಅವರು ಆಗಲೇ ಮೆಟ್ಟಿಲು ಇಳಿದಿದ್ದರು.'

'ಅಕ್ಕನಿಗೆ ಬರೆಯುವಾಗ ಎಲ್ಲಾ ಸರಿ ಎಂದು ಬರೆಯುತ್ತೇನೆ. ಮೂವತ್ತು ವರ್ಷ ನನಗೋಸ್ಕರ ಇದ್ದವಳು. ಈಗಲೂ ತಿರುಗಿ ನೋಡುವ ಹಾಗೆ ಮಾಡಬಾರದು. ನಿಮಗಾದರೆ ಹೇಳಬಹುದು. ನೀವು ಯಾರು ಎಂದು ನನಗೆ ಸರಿಯಾಗಿ ಗೊತ್ತಿಲ್ಲ.'

ಭಾವ ಟೀ ತಂದಿಟ್ಟ. ಇಬ್ಬರ ಮುಖ ನೋಡಿ, ಏನೋ ಮರೆತವನಂತೆ ಮತ್ತೆ ಒಳಗೆ ಹೋದ. ಟಿಕೆಟ್ ತಪಾಸಣೆಯವರಿಗೆ ಮುಖ ನೋಡುವುದು ಗೊತ್ತಿರುತ್ತದೆ.

ಅಕ್ಕ ಹಾಳೆಗಳನ್ನು ಜೋಡಿಸಿ ಅಂಚು ಸಮ ಮಾಡಿದಳು. ಬಹಳ ಹೊತ್ತು ಸಮ ಮಾಡಿದಳು.

"ಇದನ್ನ ಓದಿದೋರು ಎಷ್ಟು ಜನ?"

"ಮೂವತ್ತೊಂದು."

"ನಾನು ಮೂವತ್ತೆರಡನೆಯವಳು."

"ಅಕ್ಕ..."

"ನನಗೆ ಬರಬೇಕಾದ ಕಾಗದ ಹಡಗಿನ ಅಡುಗೆಯವನಿಗೆ ಹೋಗಿದೆ. ನನಗೆ ಬಂದಿರೋದು ಛಾವಣಿ." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನಾನಿಲ್ಲಿ ಬೆಳಿಗ್ಗೆ ಎದ್ದು ಏನಂದುಕೋತೀನಿ ಗೊತ್ತಾ? ಹೇಗೋ ಇದಾನೆ, ಚೆನ್ನಾಗಿದಾನೆ, ಅವನಿಗೆ ಮೊದಲಿಂದಲೂ ಒಬ್ಬನೇ ಇರೋದು ಇಷ್ಟ ಅಂತ. ಹಾಗಂದುಕೊಂಡೇ ಊಟ ಮಾಡ್ತೀನಿ."

"ಹೇಳಿದ್ರೆ ಏನು ಮಾಡ್ತಿದ್ದೆ? ವಾಪಸ್ ಬರ್ತಿದ್ದೆಯಾ?"

ಅಕ್ಕ ಒಳಕೋಣೆಯ ಕಡೆ ನೋಡಿದಳು. ಅಲ್ಲಿ ಭಾವ ಇಲ್ಲದ ಕೆಲಸ ಹುಡುಕಿಕೊಂಡು ಪಾತ್ರೆ ಸದ್ದು ಮಾಡುತ್ತಿದ್ದ.

"ಇಲ್ಲ," ಎಂದಳು. "ಬರ್ತಿರಲಿಲ್ಲ."

ಇಬ್ಬರೂ ಟೀ ಕುಡಿದರು. ಸಕ್ಕರೆ ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ.

ಪೆನ್ನು ತಂದು ಅಕ್ಕ ತಾನೇ ಒಕ್ಕಣೆ ಬರೆದಳು. ಅವನು ಬಸ್ಸಿನಲ್ಲಿ ತಿದ್ದಿದ ಒಕ್ಕಣೆಗಿಂತ ಅದು ಚೆನ್ನಾಗಿತ್ತು. ದೂರು ತಪ್ಪಿನಿಂದ ಆದದ್ದು, ಕಳಿಸಿದವನು ನನ್ನ ತಮ್ಮ, ವಾಪಸ್ ಪಡೆಯುತ್ತಿದ್ದೇನೆ. ಸಹಿ ಹಾಕಿ, ಫೋನಿನಲ್ಲಿ ಫೋಟೊ ತೆಗೆದು ಕಂಪನಿಗೆ ಕಳಿಸಿದಳು. ಆಮೇಲೆ ಹೇಳಿದಳು:

"ಲಿಸ್ಟು ಇಟ್ಟುಕೋ. ಬೇಡ ಅನ್ನಲ್ಲ. ನನ್ನನ್ನ ಮಾತ್ರ ಅದರೊಳಗೆ ತರಬೇಡ. ಒಳ್ಳೇದೂ ಬೇಡ, ಕೆಟ್ಟದ್ದೂ ಬೇಡ."

"ಆಗಲಿ," ಎಂದ ಜೋಡಿಯಣ್ಣ. ಆ ಹೊತ್ತಿಗೆ ಅದು ದೊಡ್ಡ ಷರತ್ತೆಂದು ಅವನಿಗೆ ಅನ್ನಿಸಲಿಲ್ಲ.

ಭಾವ ಬಸ್ ಸ್ಟ್ಯಾಂಡಿನವರೆಗೂ ಬಂದ. ಬಸ್ಸು ಹೊರಡುವ ಮುಂಚೆ ಕಿಟಕಿಗೆ ಬಾಯಿ ತಂದು, "ಬೇಜಾರು ಮಾಡ್ಕೋಬೇಡಿ. ನಿಮ್ಮ ವಿಳಾಸ ಬುಟ್ಟಿಯಿಂದ ತೆಗೆದಿದೀನಿ. ಇನ್ನು ನಿಮಗೆ ಪಾಸು," ಎಂದ.

ಗುರುವಾರ ಬೆಳಿಗ್ಗೆ ಲಿಸ್ಟು ತೆರೆದುಕೊಂಡಿತು. ಜೊತೆಗೆ ಎಚ್ಚರಿಕೆ: ಕೇಳದವರನ್ನು ಇನ್ನು ಕರೆಯಕೂಡದು. ಅದರಲ್ಲಿ ಈಗ ಅವನಿಗೆ ತಕರಾರಿರಲಿಲ್ಲ. ಮುನ್ನೂರ ಎಂಬತ್ತೊಂದು ಚೀಟಿಗಳನ್ನು ವಾಪಸ್ ಡ್ರಾಯರಿನಲ್ಲಿ ಸಾಲಾಗಿ ಇಟ್ಟ. ಅವರ ಹೊಸ್ತಿಲಲ್ಲಿ ಎರಡು ಸಲ ನಿಂತು ಬಂದವನ ಹಾಗೆ ಸ್ವಲ್ಪ ನಾಚಿಕೆಯಾಯಿತು.

ಸೋಮವಾರ ಬರೆಯಲು ಕೂತ. ಹಿಂದಿನ ವಾರ ಹೋಗದೆ ಉಳಿದ ಕಾಗದದ ತುಂಬ ಅಕ್ಕನೇ ಇದ್ದಳು, ಅಳಿಸಿದ. ಹೊಸದಾಗಿ ಶುರುಮಾಡಿದ. 'ಈ ವಾರ ಕಪ್ಪೆಚಿಪ್ಪಿನ ಗುಂಡಿಗಳು ಬಂದವು' ಎಂದು ಬರೆದ. ಅಕ್ಕ ಆ ಗುಂಡಿಗಳನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಳು, ಅಸಲಿಯಾದರೆ ತಣ್ಣಗಿರುತ್ತವೆ ಎಂದು. ಅದನ್ನು ಬರೆಯುವ ಹಾಗಿಲ್ಲ. ಅಸಲಿ ಚಿಪ್ಪು ತಣ್ಣಗಿರುತ್ತದೆ ಎಂದಷ್ಟೇ ಬರೆದ. ನಾಲ್ಕು ಸಾಲಿಗೆ ಮುಗಿಯಿತು. ಕಳಿಸಿದ.

ಬುಧವಾರದವರೆಗೂ ಒಂದೂ ಉತ್ತರವಿಲ್ಲ. ಬುಧವಾರ ನರ್ಸು ಬರೆದಳು: 'ಗುಂಡಿ ವಿಷಯ ತಿಳಿಯಿತು. ಅಕ್ಕ ಹೇಗಿದ್ದಾರೆ?' ಅದರ ಹಿಂದೆಯೇ ಅಡುಗೆಯವನು: 'ಹೌದು, ಅಕ್ಕನ ಸುದ್ದಿ ಬರೆಯಿರಿ.' ಎಂಟು ಜನ ಹಾಗೇ ಕೇಳಿದರು. ಬಂದ ಮೂವತ್ತೊಂದು ಜನ ಯಾರನ್ನು ನೋಡಲು ಬರುತ್ತಿದ್ದರು ಎಂಬುದು ಅಂಗಡಿಯವನಿಗೆ ಆಗ ಅರ್ಥವಾಯಿತು. ವ್ಯಾಪಾರದಲ್ಲಿ ಇದು ಹೊಸದೇನಲ್ಲ. ಮೂವತ್ತು ವರ್ಷದಿಂದ ಗಿರಾಕಿಗಳೂ ಅದಕ್ಕೇ ಬರುತ್ತಿದ್ದರು.

ಮುಂದಿನ ಸೋಮವಾರ ಮೂರು ಸಾಲು. ಅದರ ಮುಂದಿನ ಸೋಮವಾರದೊಳಗೆ ನಾಲ್ವರು ಪಟ್ಟಿ ಬಿಟ್ಟಿದ್ದರು. ಯಾರೂ ಜಗಳವಾಡಿ ಹೋಗಲಿಲ್ಲ, ಸ್ಪ್ಯಾಮ್ ಎಂದು ಒತ್ತಲಿಲ್ಲ. ಸುಮ್ಮನೆ ಹೋದರು. ಉಳಿದವರಲ್ಲಿ ಲಾರಿಯವರಿಬ್ಬರು ರಸ್ತೆಯ ಗುಣಾವಗುಣ ಮಾತಾಡಿಕೊಳ್ಳತೊಡಗಿದರು. ಪಟ್ಟಿ ಅವನದೇ, ಮಾತು ಬೇರೆಯವರದು. ಅವನು ಓದುತ್ತಿದ್ದ.

ಪ್ರೆಸ್ಸಿನವನು ಇಣುಕಿ ಕೇಳಿದ, "ಏನಯ್ಯಾ, ಕೇಸು ಗೆದ್ದೆಯಂತೆ?"

"ಗೆದ್ದೆ," ಎಂದ ಜೋಡಿಯಣ್ಣ.

ಅವನು ಹೋದ ಮೇಲೆ ಜೋಡಿಯಣ್ಣ ಕಂಪ್ಯೂಟರಿನ ಮುಂದೆ ಕೂತು ಅಕ್ಕನ ವಿಳಾಸ ಹಾಕಿದ. ಬೆರಳುಗಳು ರೂಢಿಯ ಮೇಲೆ 'ಎಲ್ಲಾ ಸರಿ' ಎಂದು ಬರೆದೇಬಿಟ್ಟವು. ಅದನ್ನು ಅಳಿಸಿದ. ಖಾಲಿ ಹಾಳೆ ನೋಡುತ್ತಾ ಕೂತ. ಮೂವತ್ತೊಂದು ಜನರಿಗೆ ನಗಿಸಿ ನಗಿಸಿ ಹೇಳಿದ್ದನ್ನು ಒಬ್ಬಳಿಗೆ ಹೇಳುವಾಗ ನಗಿಸುವ ಮಾತು ಒಂದೂ ಹುಟ್ಟಲಿಲ್ಲ. ಮಧ್ಯಾಹ್ನದೊಳಗೆ ಹನ್ನೆರಡು ಸಾಲಾದವು. ಅಡುಗೆ ಒಬ್ಬನಿಗೆ ಮಾಡಲು ಇನ್ನೂ ಅಳತೆ ಸಿಕ್ಕಿಲ್ಲ, ಜಾಸ್ತಿಯಾಗುತ್ತದೆ ಎಂದು ಬರೆದ. ಭಾನುವಾರ ಅಂಗಡಿ ಮುಚ್ಚಿದ್ದರೂ ಕೆಳಗಿಳಿದು ಬಂದು ಗಲ್ಲಾದ ಹಿಂದೆ ಕೂರುತ್ತೇನೆ ಎಂದು ಬರೆದ. ನೀನು ವಾಪಸ್ ಬರಬೇಕು ಅಂತ ಇದನ್ನು ಹೇಳುತ್ತಿಲ್ಲ, ನೀನು ಕೇಳಿದೆ ಅಂತ ಹೇಳುತ್ತಿದ್ದೇನೆ ಎಂದು ಬರೆದ. ಕೊನೆಗೆ ಏನು ಹಾಕಬೇಕೋ ತಿಳಿಯದೆ ಹಾಗೇ ಬಿಟ್ಟು ಕಳಿಸಿದ.

ಅವತ್ತು ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಭಾವ ಬುಟ್ಟಿಯಿಂದ ತೆಗೆದದ್ದು ಸರಿಯಾಗಿ ತೆಗೆದನೋ ಇಲ್ಲವೋ ಎಂದು ಅನುಮಾನಪಟ್ಟುಕೊಂಡು ಎರಡು ದಿನ ಕಳೆದ.

ಮೂರನೇ ದಿನ ಬೆಳಿಗ್ಗೆ ಬಂತು.

'ಓದಿದೆ. ಎರಡು ಸಲ ಓದಿದೆ. ನಿಮ್ಮ ಭಾವನಿಗೆ ಓದಿ ಹೇಳಲಿಲ್ಲ. ಅಕ್ಕಿ ಅರ್ಧ ಲೋಟಕ್ಕಿಂತ ಸ್ವಲ್ಪ ಕಮ್ಮಿ ಹಾಕು, ಸಾಕಾಗುತ್ತೆ. ಇಲ್ಲೂ ಎಲ್ಲಾ ಸರಿ ಅಂತ ನಾನು ಬರೀತಿದ್ದೆನಲ್ಲ, ಅದನ್ನೂ ಪೂರ್ತಿ ನಂಬಬೇಡ. ನಿಧಾನಕ್ಕೆ ಬರೀತೀನಿ. ನಿನ್ನದು ಮುಂದಿನದು ಯಾವಾಗ ಕಳಿಸ್ತೀಯ?'

ಜೋಡಿಯಣ್ಣ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದವರೆಗೂ ಯಾರೂ ಬರುವ ಹಾಗೆ ಕಾಣಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಬರೆಯತೊಡಗಿದ.